ಅವ್ವನನ್ನು ಆರಾಮ ಕೂರಿಸಿದ ಮಕ್ಕಳಿಗೊಂದು ಬಹಿರಂಗ ಪತ್ರ

ಬೆಂಗಳೂರು, ಪುಣೆ, ಹುಬ್ಬಳ್ಳಿ ಹಾಗೂ ಅದರಾಚೆಗೂ ನೆಲೆಸಿರುವ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಚಿರಂಜೀವಿಗಳಿಗೆ,

ನಿಮ್ಮೂರ ಕನ್ನಡ ಸಾಲಿಯ ನಿವೃತ್ತ ಮಾಸ್ತರನ ಆಶೀರ್ವಾದಗಳು.

ಮೊದಲು ಅಭಿನಂದನೆ. ನೀವು ದುಡಿದಿರಿ, ಹಳೆಯ ಮನೆ ಕೆಡವಿ ಆರ್‌ಸಿಸಿ ಹಾಕಿಸಿದಿರಿ, ಅವ್ವನ ಕೈಯಿಂದ ಒಂದೊಂದೇ ಕೆಲಸ ಬಿಡಿಸಿದಿರಿ. ಎಮ್ಮೆ ಮಾರಿ ಪಾಕೀಟಿನ ಹಾಲು ಹಚ್ಚಿದಿರಿ. ರೊಟ್ಟಿ ಬಡಿಯಲು ಬಾಜೂ ಮನೆಯ ಹೆಣ್ಣುಮಗಳನ್ನು ಗೊತ್ತು ಮಾಡಿದಿರಿ. ಹೊಲ ಲಾವಣಿಗೆ ಹೋಯಿತು. ಸಂತೆಗೆ ಹೋಗುವುದು ಬೇಡ, ಕಾಯಿಪಲ್ಲೆ ಬಾಗಿಲಿಗೇ ಬರುತ್ತದೆ ಎಂದಿರಿ. ಕಡೆಗೆ ಪಡಸಾಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಅರ್ಧ ಗೋಡೆಯಷ್ಟು ಟಿವಿ. ‘ಇಷ್ಟು ದಿವಸ ದುಡದಿ, ಇನ್ನ ಆರಾಮ ಕುಂಡ್ರವ್ವ.’ ಅವ್ವ ಕುಂತಳು. ಮೂರು ವರ್ಷವಾಯಿತು, ಇನ್ನೂ ಎದ್ದಿಲ್ಲ.

ಸವಣೂರಿನ ದೊಡ್ಡ ಹುಣಸೆ ಮರಗಳನ್ನು ನೀವೂ ನೋಡಿದ್ದೀರಿ. ನೂರಾರು ವರ್ಷದಿಂದ ಇದ್ದಲ್ಲೇ ಇವೆ, ಬೊಡ್ಡೆ ದಪ್ಪವಾಗಿದೆ, ಆರೋಗ್ಯಕ್ಕೇನೂ ಧಕ್ಕೆಯಾಗಿಲ್ಲ. ಅವ್ವನ ವಿಷಯದಲ್ಲಿ ನೀವು ಆ ಮರಗಳನ್ನೇ ಮಾದರಿಯಾಗಿ ಇಟ್ಟುಕೊಂಡಿರಬೇಕು.

ಈಗ ನಿಮ್ಮ ಫೋನು ಬರತೊಡಗಿವೆ. ಸರ, ಅವ್ವ ಕೇಳಿದ್ದನ್ನೇ ಕೇಳತಾಳ. ಹಾಲು ಒಲಿ ಮ್ಯಾಲೆ ಇಟ್ಟು ಮರೀತಾಳ. ಮೊಮ್ಮಗಳನ್ನ ಅತ್ತಿ ಹೆಸರಿನಿಂದ ಕರದ್ಲು. ಅದಕ್ಕೆ ನೀವು ಮಾಡಿದ ಏರ್ಪಾಡನ್ನೂ ಕಣ್ಣಾರೆ ನೋಡಿ ಬಂದೆ. ಒಂದು ಕಿಲೋ ಬಾದಾಮಿ. ಬ್ರಾಹ್ಮಿಯ ಬಾಟಲಿ. ಜನ್ಮದಲ್ಲಿ ಮೀನಿನ ಮುಖ ನೋಡದ ಮುದುಕಿಗೆ ಮೀನೆಣ್ಣೆಯ ಗುಳಿಗೆ, ಒಳಗೆ ಒಮೆಗಾ-3 ಇದೆಯಂತೆ. ಅಡಿಗೆಮನೆಯ ಹಲಗೆಯ ಮೇಲೆ ಅಗಸಿ ಹಿಂಡಿಯ ಡಬ್ಬಿ ಮುಚ್ಚಳ ತೆರೆಯದೆ ಕೂತಿತ್ತು. ಅದರಲ್ಲೂ ಒಮೆಗಾ-3 ಇದೆ, ಹೇಳುವವರಿರಲಿಲ್ಲ. ಜೊತೆಗೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಜೋಡಿಸುವ ‘ಬ್ರೇನ್ ಗೇಮ್’. ಅವ್ವ ಅದನ್ನು ಒಂದು ಸಲ ಒತ್ತಿ ನೋಡಿದಳು, ನನಗೆ ಫೋನು ಬಂತು, ‘ಯಾರ್ರೀ ಮಾತಾಡೂದು’ ಎಂದು ಕೇಳಿದಳು.

ನಮ್ಮಲ್ಲಿ ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಇದೆ. ಬಹಳ ಅನುಕೂಲದ ಗಾದೆ. ಒಂದೇ ಮಾತಿಗೆ ಡಾಕ್ಟರ ಫೀ, ಹುಬ್ಬಳ್ಳಿಯ ಬಸ್ ಚಾರ್ಜು, ನಿಮ್ಮ ಒಂದು ದಿನದ ರಜೆ ಮೂರೂ ಉಳಿಯುತ್ತವೆ. ಸ್ವಾತಂತ್ರ್ಯ ಬಂದಾಗ ನಮ್ಮ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಅರವತ್ತು ಮುಟ್ಟಿದವರನ್ನು ಬೆರಳಲ್ಲಿ ಎಣಿಸುವ ಕಾಲಕ್ಕೆ ಆ ಗಾದೆ ನಡೆದೀತು. ಈಗಿನ ಲೆಕ್ಕ ಬೇರೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಶಿಯಾ ಎಂಬ ಮರೆವಿನ ರೋಗ, ಅಂದರೆ ಸುಮಾರು 88 ಲಕ್ಷ ಜನ. ದೊಡ್ಡ ಸಂಖ್ಯೆಯೇ. ಆದರೆ ಮಾಸ್ತರಿಕೆ ಮಾಡಿದ ಚಟ, ಕಳೆಯುವ ಲೆಕ್ಕವನ್ನೂ ಮಾಡಿದೆ: ಉಳಿದ ತೊಂಬತ್ತೆರಡು ಮಂದಿಗೆ ಅದು ಇಲ್ಲ. ಅರಳು ಮರಳು ವಯಸ್ಸಿನ ಧರ್ಮವೇ ಆಗಿದ್ದರೆ ಇವರು ಯಾವ ಪುಣ್ಯ ಮಾಡಿದ್ದರು? ಅದೇ ಅಧ್ಯಯನದಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು. ‘ಅವ್ವ ಹಳ್ಳಿಯ ಶುದ್ಧ ಗಾಳಿಯೊಳಗ ಅದಾಳ, ಆಕಿಗೇನಾಗತೈತಿ’ ಎನ್ನುವವರು ಈ ಸಾಲನ್ನು ಎರಡು ಸಲ ಓದಬೇಕು.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗವೊಂದಿದೆ. ಡಿಮೆನ್ಶಿಯಾಕ್ಕೆ ನಾವು ಬದಲಿಸಬಹುದಾದ ಕಾರಣಗಳು ಎಷ್ಟು ಎಂದು ಅದು 2017ರಲ್ಲಿ ಪಟ್ಟಿ ಮಾಡಿದಾಗ ಒಂಬತ್ತಿದ್ದವು. 2020ರಲ್ಲಿ ಹನ್ನೆರಡಾದವು, 2024ರಲ್ಲಿ ಹದಿನಾಲ್ಕು. ಈ ಹದಿನಾಲ್ಕನ್ನೂ ಸರಿಪಡಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅವರ ಲೆಕ್ಕ. ಪಟ್ಟಿಯಲ್ಲಿ ‘ಬಾದಾಮಿಯ ಕೊರತೆ’ ಎಂಬ ಕಾರಣ ಇಲ್ಲ. ಎರಡು ಸಲ ಹುಡುಕಿದೆ. ಇರುವುದು ಇವು: ಕಿವಿ ಮಂದವಾಗುವುದು, ಕಣ್ಣು ಮಂಜಾದರೂ ತೋರಿಸದಿರುವುದು, ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟ್ರಾಲು, ಬೊಜ್ಜು, ಬೀಡಿ-ಸಿಗರೇಟು, ಅತಿ ಕುಡಿತ, ತಲೆಗೆ ಬಿದ್ದ ಪೆಟ್ಟು, ಖಿನ್ನತೆ, ಕೆಟ್ಟ ಗಾಳಿ, ಸಣ್ಣವರಿದ್ದಾಗ ಸಾಲಿ ಕಲಿಯದಿರುವುದು, ಮೈ ಅಲುಗಿಸದಿರುವುದು, ಜನರಿಂದ ದೂರಾಗಿ ಒಂಟಿಯಾಗಿರುವುದು. ಕೊನೆಯ ಎರಡನ್ನು ನೀವು ರೊಕ್ಕ ಕೊಟ್ಟು ಅವ್ವನಿಗೆ ಕೊಡಿಸಿದ್ದೀರಿ.

ನಾಲ್ಕೂ ತಾಲೂಕಿನಲ್ಲಿ ನನಗೆ ನೆಂಟರು. ಮದುವೆ, ಜವಳ, ಮಣ್ಣು ಎಂದು ತಿರುಗುತ್ತಲೇ ಇರುತ್ತೇನೆ. ಕುರ್ಚಿ ಎಲ್ಲ ಕಡೆ ಒಂದೇ ಕಂಪನಿಯದು.

ಹಿರೇಕೆರೂರು ಕಡೆಯ ಬೀಗರೊಬ್ಬರಿಗೆ ಎಪ್ಪತ್ತೆಂಟು. ದೀಪಾವಳಿಯ ಹೋರಿ ಹಬ್ಬ ಎಂದರೆ ಪ್ರಾಣ. ಮೂವತ್ತೈದು ವರ್ಷದ ಹಿಂದೆ ಯಾವ ಊರಿನ ಅಖಾಡದಲ್ಲಿ ಯಾವ ಹೋರಿ ಕೊರಳ ಕೊಬ್ಬರಿ ಸರ ಹರಿಯಗೊಡದೆ ಪಾರಾಯಿತು, ಅದರ ಕೊಂಬಿಗೆ ಯಾವ ಬಣ್ಣದ ಬಲೂನು ಕಟ್ಟಿದ್ದರು, ಹಿಡಿಯಲು ಹೋಗಿ ಯಾರ ಹಲ್ಲು ಮುರಿಯಿತು, ಎಲ್ಲ ಹೇಳಿದರು. ಮಗ ಹೆಮ್ಮೆಯಿಂದ ನನ್ನ ಕಡೆ ನೋಡಿದ. ‘ನೋಡ್ರಿ ಸರ, ಅಪ್ಪಾರ ನೆನಪು ಕಂಪ್ಯೂಟರ್ ಇದ್ದಂಗ ಐತಿ. ಡಾಕ್ಟರ್ ಯಾತಕ್ಕ?’ ಸೊಸೆ ಬಂದು ಖಾಲಿ ಚಹಾದ ಕಪ್ಪು ಒಯ್ದಳು. ಎರಡು ನಿಮಿಷ ಕಳೆದಿರಲಿಲ್ಲ, ಬೀಗರು ಒಳಗೆ ಹಣಿಕಿ ಕೂಗಿದರು: ‘ಏ ತಂಗಿ, ಮಾಸ್ತರ್ರು ಬಂದು ಎಷ್ಟೊತ್ತಾತು, ಇನ್ನೂ ಚಾ ಇಲ್ಲೇನು?’ ಅದು ಮೂರನೆಯ ಸಲ. ಮೂರನೆಯ ಚಹಾವನ್ನೂ ಕುಡಿದೆ. ಮಗ ಮೊಬೈಲು ನೋಡುತ್ತಿದ್ದ.

ಮೆದುಳಿನ ಕಚೇರಿಯಲ್ಲಿ ಹೊಸ ನೆನಪನ್ನು ವಹಿಯಲ್ಲಿ ಏರಿಸುವ ಗುಮಾಸ್ತ ಒಬ್ಬನಿದ್ದಾನೆ, ಹಿಪೊಕ್ಯಾಂಪಸ್ ಎಂದು ಅವನ ಹೆಸರು. ಡಿಮೆನ್ಶಿಯಾದ ಒಂದು ಬಗೆಯಾದ ಅಲ್ಜೈಮರ್ ಬಂದಾಗ ಸಾಮಾನ್ಯವಾಗಿ ಮೊದಮೊದಲೇ ರಜೆ ಹಾಕುವವನು ಇವನು. ಹಳೆಯ ದಫ್ತರ ಬಹಳ ದಿನ ಹಾಗೇ ಇರುತ್ತದೆ. ಅಪ್ಪನ ನೆನಪನ್ನು ಪರೀಕ್ಷಿಸಬೇಕೆಂದರೆ ಹೋರಿಯ ಹೆಸರು ಕೇಳಬೇಡಿ, ಮುಂಜಾನೆ ಏನು ತಿಂದರು ಎಂದು ಕೇಳಿ. ಉತ್ತರ ಸಿಗದಿದ್ದರೂ ಗಾಬರಿ ಬೇಡ. ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ಮನಸ್ಸು ಕುಸಿದಿದ್ದರೂ ಮುಪ್ಪಿನಲ್ಲಿ ಹೀಗೇ ಕಾಣುತ್ತದೆ. ಅವಕ್ಕೆ ಔಷಧ ಇದೆ. ಹಾವೇರಿಯ ಜಿಲ್ಲಾ ಆಸ್ಪತ್ರೆ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಹೋರಿ ಹಬ್ಬಕ್ಕೆ ಹಾಕುವ ರಜೆಯಲ್ಲಿ ಒಂದು ದಿನ ಮಿಗಿಸಿದರೆ ಸಾಕು.

ಇನ್ನು ಕಿವಿಯ ವಿಷಯ. ಇದನ್ನು ಸ್ವಲ್ಪ ಹಿಗ್ಗಿಸಿ ಬರೆಯುತ್ತೇನೆ, ಯಾಕೆಂದರೆ ಇದು ನನ್ನ ಅಕ್ಕನ ಸುದ್ದಿ.

ಅಕ್ಕನನ್ನು ಕೊಟ್ಟದ್ದು ಹಾನಗಲ್ಲ ತಾಲೂಕಿನಲ್ಲೇ, ಭತ್ತದ ಸೀಮೆ. ಎಂಟು ವರ್ಷದಿಂದ ಕಿವಿ ಮಂದ. ಮಗ ಬೆಂಗಳೂರಿನಿಂದ ಬಂದು ಪಟ್ಟಣದ ಅಂಗಡಿಯೊಂದರಲ್ಲಿ ಬೆಲೆಯ ಯಂತ್ರವನ್ನೇ ಕೊಡಿಸಿದ, ಹಾಕಿಸಿದ, ಫೋಟೋ ತೆಗೆದ, ಹೊರಟ. ಮುಂದಿನ ತಿಂಗಳು ನಾನು ಹೋದಾಗ ಯಂತ್ರ ಟ್ರಂಕಿನಲ್ಲಿತ್ತು, ಬೋರಮಾಳದ ಜೊತೆ, ಬಟ್ಟೆ ಸುತ್ತಿ. ‘ಅಷ್ಟು ರೊಕ್ಕದ ಸಾಮಾನು, ದಿನಾ ಹಾಕ್ಕೊಂಡ್ರ ಸವದಹೋಗಂಗಿಲ್ಲೇನೋ?’ ಆಮೇಲೆ ನಿಜ ಹೇಳಿದಳು: ಹಾಕಿಕೊಂಡರೆ ಹಿಟ್ಟಿನ ಗಿರಣಿಯೊಳಗೆ ನಿಂತ ಹಾಗಾಗುತ್ತದೆ. ಪಾತ್ರೆಯ ಸಪ್ಪಳ, ಟ್ರ್ಯಾಕ್ಟರು, ತಾನೇ ಅಗಿಯುವ ಸದ್ದು ಎಲ್ಲ ಒಂದೇ ಸಲ ಮೈಮೇಲೆ ಬರುತ್ತವೆ. ಅಂಗಡಿಯವರು ‘ಕರಕೊಂಡು ಬರ್ರಿ, ಸೆಟ್ ಮಾಡಿ ಕೊಡತೀವಿ’ ಎಂದಿದ್ದರಂತೆ. ಕರಕೊಂಡು ಹೋಗುವವರು ಯಾರು? ಕಿವಿಯ ಯಂತ್ರ ಚಸ್ಮದ ಹಾಗೆ ಹಾಕಿದ ಕೂಡಲೇ ಒಗ್ಗುವ ವಸ್ತುವಲ್ಲ. ನಾಲ್ಕಾರು ಸಲ ತಿದ್ದಿಸಬೇಕು, ವರ್ಷಗಟ್ಟಲೆ ಸದ್ದು ಮರೆತ ಮೆದುಳು ಅದನ್ನು ಮತ್ತೆ ಕಲಿಯಲು ವಾರಗಳೇ ಬೇಕು.

ಅಕ್ಕ ಮೊದಲು ಸಂಜೆಯಾದರೆ ಕಟ್ಟೆಗೆ ಹೋಗುತ್ತಿದ್ದಳು. ಈಗಲೂ ಒಮ್ಮೊಮ್ಮೆ ಹೋಗುತ್ತಾಳೆ. ಎಲ್ಲರೂ ನಕ್ಕಾಗ ನಗುತ್ತಾಳೆ, ಅರ್ಧ ಗಳಿಗೆ ತಡವಾಗಿ. ಆ ತಡವನ್ನು ಒಬ್ಬಳು ಹುಡುಗಿ ಗುರುತಿಸಿ ಮೊಣಕೈಯಿಂದ ಪಕ್ಕದವಳನ್ನು ತಿವಿದಳು. ಅಕ್ಕ ಅದನ್ನು ನೋಡಿದಳು. ಕಿವಿ ಕೇಳದವರ ಕಣ್ಣು ಬಲು ಚುರುಕು.

2024ರ ಆ ಪಟ್ಟಿಯಲ್ಲಿ ಅತಿ ಹೆಚ್ಚು ಪಾಲು ಇರುವ ಎರಡು ಕಾರಣಗಳಲ್ಲಿ ಕಿವಿ ಒಂದು, ಶೇ. 7. ಇನ್ನೊಂದು ಕೆಟ್ಟ ಕೊಲೆಸ್ಟ್ರಾಲು, ಅದಕ್ಕೂ ಶೇ. 7. ಅಮೆರಿಕದಲ್ಲಿ ಎಪ್ಪತ್ತು ದಾಟಿದ ಸುಮಾರು ಸಾವಿರ ಜನರ ಮೇಲೆ ಮೂರು ವರ್ಷ ನಡೆಸಿದ ಕಿವಿಯ ಯಂತ್ರದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಯಂತ್ರ ಹಾಕಿದ್ದರಿಂದ ದೊಡ್ಡ ಫರಕು ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಬುದ್ಧಿ ಕುಂದುವ ವೇಗ ಶೇ. 48ರಷ್ಟು ತಗ್ಗಿತ್ತು. ಅವರಾರೂ ಯಂತ್ರವನ್ನು ಟ್ರಂಕಿನಲ್ಲಿ ಇಟ್ಟಿರಲಿಕ್ಕಿಲ್ಲ. ಬಡತನ ರೇಖೆಯ ಕೆಳಗಿನ ಹಿರಿಯರಿಗೆ ಕಿವಿಯ ಯಂತ್ರ, ಚಸ್ಮ, ಹಲ್ಲಿನ ಸೆಟ್ಟು ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಅರ್ಜಿ ಬರೆದುಕೊಡಲು ಮೊಮ್ಮಕ್ಕಳು ಬೇಕು, ಅವರು ರೀಲ್ಸ್ ನೋಡುತ್ತಿದ್ದಾರೆ.

ಸವಣೂರಿನಲ್ಲಿ ಎಲೆ ಮಾರುತ್ತಿದ್ದ ಚಾಚಾ ಒಬ್ಬರ ಪರಿಚಯವಿದೆ. ಸಾಲಿಯ ಮುಖ ಕಂಡವರಲ್ಲ. ಮನೆಯಲ್ಲಿ ಉರ್ದು, ಗಿರಾಕಿಗಳೊಡನೆ ಕನ್ನಡ, ತಾಂಡಾದಿಂದ ಬಂದವರೊಡನೆ ಲಂಬಾಣಿ, ಹೊರಗಿನ ವ್ಯಾಪಾರಿಗಳೊಡನೆ ಹರಕು ಮರಾಠಿ. ಎಲೆ ಎಣಿಸುತ್ತ ನಾಲ್ಕನ್ನೂ ಮಾತಾಡುತ್ತಿದ್ದರು, ಎಣಿಕೆ ತಪ್ಪುತ್ತಿರಲಿಲ್ಲ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಶಿಯಾದ 648 ರೋಗಿಗಳ ದಾಖಲೆ ನೋಡಿ 2013ರಲ್ಲಿ ಒಂದು ವಿಷಯ ಪ್ರಕಟಿಸಿದರು: ಒಂದೇ ಭಾಷೆಯವರಿಗಿಂತ ಎರಡು ಮತ್ತು ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಇಲ್ಲದವರಲ್ಲಿ ಕೂಡ. ಅಂದರೆ ಚಾಚಾ ದಿನವೂ ಪುಕ್ಕಟೆಯಾಗಿ ಆಡುತ್ತಿದ್ದುದು ನಿಮ್ಮ ಆ ‘ಬ್ರೇನ್ ಗೇಮ್’ಗಿಂತ ಬಹಳ ಮೇಲಿನ ಆಟ. ಕೊಲ್ಲಿಯಲ್ಲಿರುವ ಮಗ ಮರ್ಯಾದೆಗೆ ಅಂಜಿ ಅಂಗಡಿ ಬಿಡಿಸಿದ. ‘ನಾನು ಇಷ್ಟು ಗಳಸತೀನಿ, ಅಬ್ಬಾ ಎಲಿ ಮಾರಿದ್ರ ಮಂದಿ ಏನಂತಾರ?’ ಈಗ ಚಾಚಾಗೆ ಒಂದೇ ಭಾಷೆ, ಟಿವಿಯದು, ಅದೂ ಒಂದೇ ಕಡೆಯಿಂದ. (ಎಲೆ ಮಾರುವುದನ್ನು ಹೊಗಳಿದೆ, ತಂಬಾಕು ಹಚ್ಚಿ ಹಾಕಿಕೊಳ್ಳುವುದನ್ನಲ್ಲ. ನಾಳೆ ಯಾರಾದರೂ ಮಾಸ್ತರೇ ಹೇಳಿದ್ದಾರೆ ಎಂದು ಬಾಯಿ ಕೆಂಪು ಮಾಡಿಕೊಂಡು ಬಂದಾರು.)

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ 2011ರಲ್ಲಿ ಒಂದು ವಿಶ್ವವಿದ್ಯಾಲಯ ಆಯಿತು. ಬೀಸುವ ಪದ, ಸೋಬಾನ ಪದಗಳ ಮೇಲೆ ಹುಡುಗರು ಪಿಎಚ್.ಡಿ. ಮಾಡುತ್ತಾರೆ. ಅದೇ ತಾಲೂಕಿನಲ್ಲಿ, ಆ ಪದಗಳನ್ನು ನೂರರ ಲೆಕ್ಕದಲ್ಲಿ ಬಾಯಿಪಾಠ ಬಲ್ಲ ಮುದುಕಿಯರಿಗೆ ಮಕ್ಕಳು ‘ಸಾಕು ಸುಮ್ಮನಿರವ್ವ, ಸೀರಿಯಲ್ ಕೇಳಸವಲ್ದು’ ಎನ್ನುತ್ತಾರೆ. ನಮ್ಮ ಅತ್ತಿಗೆ ಒಬ್ಬಳು ಮಾತ್ರ ಈ ಆರಾಮಕ್ಕೆ ಸಿಗಲಿಲ್ಲ. 2023ರ ಜೂನ್ 11ಕ್ಕೆ ಹೆಂಗಸರಿಗೆ ಪುಕ್ಕಟೆ ಬಸ್ಸಿನ ಶಕ್ತಿ ಯೋಜನೆ ಬಂತಲ್ಲ, ಆಧಾರ ಕಾರ್ಡನ್ನು ಎಲಿ-ಅಡಿಕಿ ಚೀಲದಲ್ಲಿ ಇಟ್ಟುಕೊಂಡು ಹೊರಟವಳು ಇನ್ನೂ ಹೊರಟೇ ಇದ್ದಾಳೆ. ಅಮವಾಸ್ಯೆಗೆ ಶಿಶುನಾಳ, ಹುಣ್ಣಿಮೆಗೆ ಇನ್ನೊಂದು ಊರು, ನಡುವೆ ಮಗಳ ಮನೆ. ಬಸ್ಸಿಗೆ ಓಡುವುದು, ಸೀಟಿಗೆ ಜಗಳವಾಡುವುದು, ಅದೇ ಸೀಟಿನಲ್ಲಿ ಜಗಳವಾಡಿದವಳ ಜೊತೆಗೇ ಬುತ್ತಿ ಬಿಚ್ಚುವುದು, ಭಜನೆಯಲ್ಲಿ ಮುಂದಿನ ಸಾಲು ಯಾರು ಮರೆತರೂ ತಾನು ಎತ್ತಿಕೊಡುವುದು. ವ್ಯಾಯಾಮ, ಸಹವಾಸ, ನೆನಪಿನ ಕಸರತ್ತು ಮೂರಕ್ಕೂ ಸೇರಿ ಟಿಕೀಟಿನ ದರ ಸೊನ್ನೆ. ‘ಹೆಂಗಸರು ಸುಮ್ಮನ ಬಸ್ಸಿನ್ಯಾಗ ತಿರಗತಾರ’ ಎಂದು ನಗುವ ಗಂಡಸರು, ಟಿಕೀಟಿಗೆ ರೊಕ್ಕ ಕೊಡಬೇಕಲ್ಲ ಎಂದು, ಕುರ್ಚಿ ಬಿಟ್ಟು ಏಳುವುದಿಲ್ಲ.

ಹಾನಗಲ್ಲದ ಹೆಸರನ್ನು ಜಗತ್ತಿಗೆ ಒಯ್ದ ಗಂಗೂಬಾಯಿಯವರು 1913ರಲ್ಲಿ ಹುಟ್ಟಿದವರು, 2006ರಲ್ಲಿ, ತೊಂಬತ್ತು ದಾಟಿದ ಮೇಲೂ, ವೇದಿಕೆಯಲ್ಲಿ ಕೂತು ಹಾಡಿದರು. ಒಬ್ಬರ ಉದಾಹರಣೆ ಪುರಾವೆ ಆಗುವುದಿಲ್ಲ, ಗೊತ್ತು. ‘ಇನ್ನ ಆರಾಮ ಕುಂಡ್ರವ್ವ’ ಎಂದು ಅವರಿಗೆ ಯಾರಾದರೂ ಹೇಳಿದ್ದರೂ ಅವರು ಕೇಳಿರಲಿಕ್ಕಿಲ್ಲ ಎಂದಷ್ಟೇ ಹೇಳಬಲ್ಲೆ.

ಹಾಗಂತ ನಮ್ಮ ಹಳ್ಳಿಯನ್ನು ನಾನು ಸ್ವರ್ಗ ಮಾಡಿ ತೋರಿಸುತ್ತಿಲ್ಲ. ಬಿಪಿ ಗುಳಿಗೆಯನ್ನು ‘ಕಡಿಮಿ ಆತು’ ಎಂದು ಹದಿನೈದನೆಯ ದಿನಕ್ಕೆ ಬಿಡುವವರು ನಾವು. ದಿನಕ್ಕೆ ಐದು ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೆ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ ಎಂದು ತಿಳಿದವರು. ಸವಣೂರ ಖಾರಾ ಒಂದು ಮುಷ್ಟಿಯಲ್ಲಿ ನಿಲ್ಲಿಸಿದವರನ್ನು ನಾನು ಕಂಡಿಲ್ಲ, ನನ್ನನ್ನೂ ಸೇರಿಸಿ. ಅಖಾಡದಲ್ಲಿ ಹೋರಿಯ ಕೈಗೆ, ಹೆದ್ದಾರಿಯಲ್ಲಿ ಬೈಕಿನ ಕೈಗೆ ತಲೆ ಕೊಡುತ್ತೇವೆ, ಹೆಲ್ಮೆಟ್ಟನ್ನು ಬಂಕಾಪುರದ ಹತ್ತಿರ ಪೊಲೀಸರು ಕಂಡಾಗ ಹಾಕಿಕೊಳ್ಳುತ್ತೇವೆ. ಕುಡಿತದ ಮಾತು ಬೇಡ.

ಇಲ್ಲಿಯವರೆಗೆ ಇದೆಲ್ಲ ಅವ್ವ-ಅಪ್ಪನ ಸುದ್ದಿ ಎಂದು ನಿಶ್ಚಿಂತೆಯಿಂದ ಓದುತ್ತ ಬಂದಿದ್ದರೆ, ತಮ್ಮಗಳಿರಾ, ಸ್ವಲ್ಪ ನೆಟ್ಟಗೆ ಕೂಡ್ರಿ.

ಅಲ್ಜೈಮರ್ ಹೊರಗೆ ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮೆದುಳಿನೊಳಗೆ ಮನೆ ಹೂಡಿರುತ್ತದೆ. ಎಪ್ಪತ್ತಕ್ಕೆ ಮರೆವು ಎಂದರೆ ಐವತ್ತಕ್ಕೆ ಬೀಜ ಬಿದ್ದಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಇಟ್ಟುಕೊಂಡಿದ್ದಾರೆ. ಅವರು ಎಣಿಕೆ ಶುರುಮಾಡುವುದು ಎಪ್ಪತ್ತರಿಂದಲ್ಲ, 45ರಿಂದ. ಲ್ಯಾನ್ಸೆಟ್ ಆಯೋಗ ನಲವತ್ತರಿಂದಲೇ ಬಿಪಿಯ ಮೇಲಿನ ಅಂಕಿ 130 ಅಥವಾ ಅದಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ. ನಿಮ್ಮದೆಷ್ಟು? ಕೊನೆಗೆ ನೋಡಿಸಿದ್ದು ಯಾವಾಗ, ಲೋನಿಗೆ ವಿಮೆ ಮಾಡಿಸಿದಾಗಲೇ? ಕೊಲೆಸ್ಟ್ರಾಲು? ಮುಂಜಾನೆ ಎದ್ದು ಕಾರಿನಲ್ಲಿ ಎರಡು ತಾಸು ಹೊಗೆ ಕುಡಿದು, ಹತ್ತು ತಾಸು ಕುರ್ಚಿಯಲ್ಲಿ ಕೂತು, ಕಿವಿಗೆ ಇಯರ್‌ಫೋನಿನ ಬೀಜ ತುರುಕಿಕೊಂಡು, ರಾತ್ರಿ ಹನ್ನೊಂದಕ್ಕೆ ಊಟ ತರಿಸಿ, ಒಂದಕ್ಕೆ ಮಲಗುವವರು ಯಾರು? ಅವ್ವನ ಕುರ್ಚಿ ಪ್ಲಾಸ್ಟಿಕ್ಕಿನದು, ನಿಮ್ಮದಕ್ಕೆ ಗಾಲಿ ಇವೆ. ಮತ್ತೇನೂ ಫರಕಿಲ್ಲ.

ಫಿನ್‌ಲೆಂಡಿನಲ್ಲಿ 60ರಿಂದ 77 ವರ್ಷದ 1,260 ಜನರ ಮೇಲೆ ಎರಡು ವರ್ಷ ನಡೆಸಿದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಸಾಮಾನ್ಯ ಸಲಹೆ ಕೊಟ್ಟು ಕಳಿಸಿದರು. ಇನ್ನರ್ಧ ಜನರಿಗೆ ಹಿತವಾದ ಊಟ, ವ್ಯಾಯಾಮ, ಬುದ್ಧಿಗೆ ಕೆಲಸ, ಬಿಪಿ-ಸಕ್ಕರೆಯ ತಪಾಸಣೆ ಎಲ್ಲವನ್ನೂ ಒಟ್ಟಿಗೆ ಹಚ್ಚಿದರು. ಎರಡನೆಯ ಗುಂಪಿನವರ ಬುದ್ಧಿಶಕ್ತಿ ಹೆಚ್ಚು ಚೆನ್ನಾಗಿ ಉಳಿದಿತ್ತು. ಒಟ್ಟಿಗೆ ಎಂಬುದು ಮುಖ್ಯ; ಒಂದು ಡಬ್ಬಿಯಲ್ಲಿ ಹಾಕಿ ಕೊರಿಯರ್ ಮಾಡಲು ಬರುವುದಿಲ್ಲ.

ಎಲ್ಲವನ್ನೂ ಮಾಡಿದವರಿಗೂ ಈ ರೋಗ ಬರುತ್ತದೆ, ಇದನ್ನೂ ಬರೆಯದಿದ್ದರೆ ಮೋಸವಾದೀತು. ವಯಸ್ಸು ಇದೆ, ಮನೆತನದ ರಕ್ತ ಇದೆ, ಶೇ. 45 ಕಳೆದರೆ ಇನ್ನೂ 55 ಉಳಿಯುತ್ತದೆ. ಆದ್ದರಿಂದ ಮರೆವು ಬಂದ ಅವ್ವನಿಗೆ ‘ನೀ ವಾಕಿಂಗ್ ಹೋಗಲಿಲ್ಲ, ಅದಕ್ಕ’ ಎಂದು ಬೈಯಬೇಡಿ. ಕೇಳಿದ್ದನ್ನೇ ಕೇಳಿದರೆ ಹೇಳಿದ್ದನ್ನೇ ಹೇಳಿ. ಸಣ್ಣವರಿದ್ದಾಗ ‘ಅವ್ವಾ, ಅದೇನು’ ಎಂದು ಒಂದೇ ಕಾಗೆಯನ್ನು ತೋರಿಸಿ ಎಷ್ಟು ಸಲ ಕೇಳಿದ್ದಿರಿ, ಆಕೆ ಎಣಿಸಿಟ್ಟಿಲ್ಲ.

ಬರುವ ದೀಪಾವಳಿಗೆ ಬರಿಗೈಯಲ್ಲಿ ಬನ್ನಿ. ಕುರ್ಚಿಯನ್ನು ಮಾಳಿಗೆಗೆ ಹಾಕಿ. ಅವ್ವನನ್ನು ಕರೆದುಕೊಂಡು ಸಂತೆಗೆ ನಡೆದು ಹೋಗಿ, ಚೌಕಾಸಿ ಆಕೆ ಮಾಡಲಿ, ಚೀಲ ನೀವು ಹೊರಿ. ಬರುವಾಗ ದವಾಖಾನೆಗೆ ಹೊಕ್ಕು ಇಬ್ಬರೂ ಬಿಪಿ ನೋಡಿಸಿ. ನಿಮ್ಮದು ಹೆಚ್ಚು ಬಂದರೆ ಅವ್ವನಿಗೆ ಹೇಳಬೇಡಿ, ನನಗೆ ಹೇಳಿ.

ಇಂತಿ ನಿಮ್ಮ,
ಮಾಸ್ತರ

ತಾ.ಕ.: ನನ್ನ ಅಕ್ಕನ ಮಗನಿಗೆ ಮಾತ್ರ. ಯಂತ್ರವನ್ನು ಟ್ರಂಕಿನಿಂದ ತೆಗೆಸಿ ಎರಡು ಸಲ ತಿದ್ದಿಸಿಕೊಂಡು ಬಂದಿದ್ದೇನೆ, ಗಿರಣಿಯ ಸದ್ದು ಸ್ವಲ್ಪ ಕಡಿಮೆಯಾಗಿದೆಯಂತೆ. ಬ್ಯಾಟರಿ 312 ನಂಬರಿನದು, ಕಂದು ಪಟ್ಟಿ ಇರುತ್ತದೆ, ಒಂದು ಹಾಳೆಯಲ್ಲಿ ಆರು. ಒಂದೊಂದು ಒಂದು ವಾರ ಬರುತ್ತದೆ. ನಮ್ಮೂರ ಪೇಟೆಯಲ್ಲಿ ನನಗೆ ಸಿಗಲಿಲ್ಲ. ಕೊರಿಯರ್ ಮಾಡು.